ಮೂರನೆಯ ಕೊಡ

ಆ ದಿನ ಬೆಳಗು ಹರಿಯುವ ಮೊದಲೇ ಗಾಳಿ ಕಾದಿತ್ತು. ವೈಶಾಖದ ಬಿಸಿಲು ಸೇಡಂ ಊರಿನ ಕಲ್ಲುಗೋಡೆಗಳಿಂದ ರಾತ್ರಿಯಿಡೀ ಇಳಿದಿರಲಿಲ್ಲ. ಅಂಗಳದ ಶಹಾಬಾದಿ ಫರಸಿಕಲ್ಲಿನ ಮೇಲೆ ಬರಿಗಾಲು ಇಟ್ಟರೆ ನಿನ್ನೆಯ ಮಧ್ಯಾಹ್ನ ಇನ್ನೂ ಅಲ್ಲೇ ಮಲಗಿದೆಯೇನೋ ಅನ್ನಿಸುತ್ತಿತ್ತು. ಬೇವಿನ ಎಲೆ ಅಲುಗುತ್ತಿರಲಿಲ್ಲ. ಕಾಗಿಣೆ ಹೊಳೆಯ ಕಡೆಯಿಂದ ಬರಬೇಕಾದ ತಂಪು ಊರ ಅಗಸಿಬಾಗಿಲ ಹೊರಗೇ ನಿಂತುಬಿಟ್ಟಿತ್ತು. ಅಂಥ ಹೊತ್ತಿನಲ್ಲಿ ವಿಜಯಶ್ರೀ ಒದ್ದೆ ಸೀರೆ ಉಟ್ಟು ಬಾವಿಯ ಕಟ್ಟೆಗೆ ಬಂದು ಹಗ್ಗ ಹಿಡಿದಳು.

ಅಂದು ನರಸಿಂಹ ಜಯಂತಿ. ಸಂಜೆಯ ಅಭಿಷೇಕಕ್ಕೂ ನೈವೇದ್ಯದ ಅಡಿಗೆಗೂ ಸೇರಿ ಹನ್ನೆರಡು ಕೊಡ ಮಡಿನೀರು ಬೇಕು. ಓಣಿಯ ಪ್ರಾಣದೇವರ ಗುಡಿಯ ಭಜನಾ ಮಂಡಳಿಯ ಹೆಂಗಸರು ಆರೇಳು ಮಂದಿ ಆಗಲೇ ಬಂದು, ಪಡಸಾಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ನಡುವೆ ಅತ್ತೆ ಭಾಮಾಬಾಯಿ. ಎಪ್ಪತ್ತೆರಡರ ವಯಸ್ಸಿನಲ್ಲೂ ಬೆನ್ನು ಬಾಗದ, ಮಡಿಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಗೊಡದ ಹೆಂಗಸು.

ಕೊಡ ತುಂಬಿದ ಸಪ್ಪಳ ಕೆಳಗಿನಿಂದ ಬಂತು. ವಿಜಯಶ್ರೀ ಎಳೆದಳು. ಗಡಗಡಿ ಅರ್ಧ ಸುತ್ತು ತಿರುಗಿ ನಿಂತಿತು. ಬೆರಳುಗಳಿಗೆ ಹಗ್ಗ ಹಿಡಿ ಎಂದು ಹೇಳುವುದು ಬೇರೆ, ಅವು ಹಿಡಿಯುವುದು ಬೇರೆ ಎಂಬುದು ಈ ನಾಲ್ಕು ತಿಂಗಳಲ್ಲಿ ಅವಳಿಗೆ ಗೊತ್ತಾಗಿತ್ತು. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಹಗ್ಗ ಅಂಗೈ ಸವರಿಕೊಂಡು ಓಡಿತು. ತಾಮ್ರದ ಕೊಡ ಹಗ್ಗದ ಸಮೇತ ಬಾವಿ ಸೇರಿತು. ಪಡಸಾಲೆಯ ಮಾತು ನಿಂತಿತು.

ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಮಾಳಮ್ಮ ಎದ್ದು ಓಡಿ ಬಂದರೂ ಮಡಿಯ ಕೊಡವನ್ನು ಅವಳು ಮುಟ್ಟುವಂತಿರಲಿಲ್ಲ. ಗೋಡೆಗೆ ನೇತುಹಾಕಿದ್ದ ಪಾತಾಳಗರಡಿಯನ್ನು ವಿಜಯಶ್ರೀಯೇ ಇಳಿಬಿಟ್ಟು, ಅದರ ಕೊಕ್ಕೆಗಳನ್ನು ನೀರಿನಲ್ಲಿ ಆಚೀಚೆ ಆಡಿಸಿ ತಡಕಾಡಿದಳು. ಕೈ ಎಳೆದೆಳೆದು ಬಿಟ್ಟಂತೆ ಮೊಣಕೈಯೊಳಗೆ ಏನೋ ಎಚ್ಚರವಾಗತೊಡಗಿತು. ಕೊಡ ಸಿಕ್ಕಿತು. ಎರಡನೆಯ ಸಲ ನೀರು ತುಂಬಿ ಬಂತು. ಮೂರನೆಯ ಕೊಡವಂತೂ ಗಡಗಡಿ ಹಾಡುವಂತೆ ಮೇಲೆ ಬಂದು ಕಟ್ಟೆಯ ಮೇಲೆ ಕೂತಿತು.

ಮಂಡಳಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಮಾಬಾಯಿ ಬತ್ತಿ ಹೊಸೆಯುವುದನ್ನು ಬಿಡದೆಯೇ, ಕತ್ತು ಎತ್ತದೆಯೇ ಅಂದರು: "ನೋಡ್ರಿ, ಮೊದಲನೇ ಕೊಡ ಭಾವಿ ಪಾಲು, ಮೂರನೇ ಕೊಡ ಹೂವಿನಂಗ ಬಂತು. ಬಲ ಇಲ್ಲಂದ್ರ ಈಗ ಎಲ್ಲಿಂದ ಬಂತದು? ಮನುಷ್ಯಾರ ಮುಂದ ಏನರೆ ಮಾಡು ವಿಜಯಾ, ದೇವರ ಕೆಲಸಕ್ಕ ಢೋಂಗ ಮಾಡಬ್ಯಾಡ."

"ನಮ್ಮ ಮನ್ಯಾಗೂ ಒಂದ ಅದ ಭಾಮಕ್ಕ," ಎಂದು ಒಬ್ಬಾಕೆ ದನಿಗೂಡಿಸಿದಳು. "ಸೂರ್ಯ ಏರೋತನಾ ಜ್ವರ. ತವರಿಂದ ಫೋನ್ ಬಂತಂದ್ರ ಹರಿಣ."

ನಗು ಹರಡಿತು. ಕೆಟ್ಟ ನಗುವೇನಲ್ಲ, ಹೊತ್ತು ಹೋಗಲಿ ಎಂದು ನಗುವ ನಗು. ವಿಜಯಶ್ರೀ ಉಳಿದ ಕೊಡಗಳನ್ನು ಸೇದಿದಳು. ಎಂಟನೆಯ ಕೊಡದ ಹೊತ್ತಿಗೆ, ಬಂದ ಬಲ ಬಂದಂತೆಯೇ ಹೋಗತೊಡಗಿತು. ಹನ್ನೆರಡನೆಯದನ್ನು ಕಟ್ಟೆಗೆ ತರುವಾಗ ಮೈಯೆಲ್ಲ ಗಡಗಡ ನಡುಗಿತು. ಅದನ್ನು ನೋಡುವವರು ಯಾರೂ ಇರಲಿಲ್ಲ. ಮಂಡಳಿ ಆಗಲೇ ಹಾಡು ಎತ್ತಿಕೊಂಡಿತ್ತು.

ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ. ಎಳ್ಳು ಹುರಿಯಲು ಒಲೆಯ ಮುಂದೆ ಮಣೆ ಹಾಕಿ ಕೂತವಳಿಗೆ ಏಳಲು ಬರಲಿಲ್ಲ. ತೊಡೆಗಳು ಬೇರೆ ಯಾರವೋ ಎಂಬಂತೆ ಸುಮ್ಮನಿದ್ದವು. ನಾಲ್ಕೈದು ಸಲ ಕಾಲು ಚಾಚಿ ಮಡಿಚಿ, ಗೋಡೆ ಹಿಡಿದು ಎದ್ದಳು. ಎದ್ದ ಮೇಲೆ ಹತ್ತು ಹೆಜ್ಜೆ ಸರಾಗವಾಗಿ ನಡೆದಳು. ಅಂದಿನಿಂದ ಹಾಗೆಯೇ. ಕೂತವಳು ಏಳಲಾರಳು, ಎದ್ದವಳು ನಡೆಯಬಲ್ಲಳು. ಮೊದಲ ರೊಟ್ಟಿ ತಟ್ಟಲಾರಳು, ನಾಲ್ಕನೆಯದನ್ನು ತಟ್ಟಬಲ್ಲಳು. ಚಿತ್ತಾಪುರದಿಂದ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷ ಈ ಮನೆಯ ಅಡಿಗೆ ಮಾಡಿದ ಹೆಂಗಸು ಅವಳು. ಕಾಫಿಗೆಂದು ಮೂಲೆಯಲ್ಲಿ ಗ್ಯಾಸ್ ಇತ್ತು. ದೇವರ ನೈವೇದ್ಯಕ್ಕೆ ಅದು ನಡೆಯದು. ತೊಗರಿಕಟ್ಟಿಗೆಯ ಒಲೆ, ಕಿಟಕಿಯಿಲ್ಲದ ಮಡಿ ಅಡಿಗೆಮನೆ, ಸೀರೆಯ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಊದುಗೊಳವೆಯಲ್ಲಿ ಊದಿದ ಇಪ್ಪತ್ತಾರು ವರ್ಷ. ಒಂದು ದಿನ ತಲೆನೋವೆಂದು ಮಲಗಿದವಳಲ್ಲ.

ಎಲ್ಲಕ್ಕಿಂತ ಅವಳನ್ನು ಸುಟ್ಟದ್ದು ಅತ್ತೆಯ ಮಾತಲ್ಲ. ಆ ಮಾತಿಗೆ ತನ್ನಲ್ಲಿ ಉತ್ತರವಿರಲಿಲ್ಲವಲ್ಲ, ಅದು. ಮೂರನೆಯ ಕೊಡ ಬಂದದ್ದು ಖರೆ. ತಾನೇ ಎಳೆದದ್ದು ಖರೆ. ತನ್ನ ಪರವಾಗಿ ಸಾಕ್ಷಿ ಹೇಳಬೇಕಾದ ತನ್ನದೇ ಮೈ ಎದುರು ಕಡೆಯವರ ಸಾಕ್ಷಿಯಾಗಿ ನಿಂತುಬಿಟ್ಟಿತ್ತು. ಆ ರಾತ್ರಿ ದೇವರ ಮುಂದೆ ದೀಪಕ್ಕೆ ಎಣ್ಣೆ ಹಾಕುತ್ತ, ಸನ್ನತಿಯ ದೇವಿಯನ್ನು ನೆನೆದು, ತನಗೆ ಬಲ ಕೊಡು ಎಂದು ಕೇಳಲಿಲ್ಲ ಅವಳು. ತಾನು ಸುಳ್ಳಿಯಲ್ಲ ಎಂದು ಯಾರಾದರೂ ಒಬ್ಬರ ಬಾಯಿಂದ ಅನ್ನಿಸು ಎಂದು ಕೇಳಿದಳು.

ಗಂಡ ಆನಂದತೀರ್ಥ ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರ. ಯಾರಿಗೂ ಎದುರಾಡದ ಸಾಧು. ಆ ವಾರ ಅವಳನ್ನು ಬಸ್‌ಸ್ಟ್ಯಾಂಡಿನ ಹಿಂದಿನ ಡಾಕ್ಟರ ಬಳಿ ಕರೆದುಕೊಂಡು ಹೋದರು. ಡಾಕ್ಟರಿಗೆ ಕೈಗುಣವಿದೆಯೆಂದು ಊರೇ ಹೇಳುತ್ತಿತ್ತು. ಹೊರಗೆ ಚಿಂಚೋಳಿಯ ಕಡೆಯಿಂದ ಬಂದವರೂ ಬೆಂಚಿನ ಮೇಲೆ ಕೂತಿದ್ದರು. ಡಾಕ್ಟರು ತಮ್ಮ ಎರಡು ಬೆರಳು ಅವಳ ಕೈಗೆ ಕೊಟ್ಟು ಹಿಂಡಲು ಹೇಳಿದರು. ಹಿಂಡಿದಳು. ಇಷ್ಟೇ ಏನು, ಇನ್ನೊಮ್ಮೆ ಎಂದರು. ಇನ್ನೊಮ್ಮೆ. ಮತ್ತೊಮ್ಮೆ. ನಾಲ್ಕನೆಯ ಸಲಕ್ಕೆ ಅವಳ ಮುಷ್ಟಿ ಬಿಗಿಯಾಗಿ ಡಾಕ್ಟರ ಬೆರಳು ನೋಯಿತು. ಅವರು ಕೈ ಕೊಡವಿಕೊಂಡು ನಕ್ಕು, ಅವಳನ್ನಲ್ಲ, ಮಾಸ್ತರರನ್ನು ನೋಡಿ ಹೇಳಿದರು: "ನೋಡಿದ್ರೇನ್ರಿ ಸರ್? ಬಲ ಎಲ್ಲಿಗೂ ಹೋಗಿಲ್ಲ. ಮನಸಿನಾಗ ಕುಂತದ. ಈ ವಯಸ್ಸಿನಾಗ ಹೆಣ್ಮಕ್ಕಳಿಗಿ ಹಿಂಗ ಆಗ್ತದ, ಜರಾ ಲಕ್ಷ್ಯ ಬೇಕಾಗಿರ್ತದ."

ಫೈಲಿನಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದರು. ರಕ್ತ ಕಡಿಮೆ ಇದೆಯೇ ನೋಡೋಣ ಎಂದು ಚೀಟಿ ಕೊಟ್ಟರು. ಮಾಸ್ತರರು ತಲೆಯಾಡಿಸಿದರು. ದಾರಿಯಲ್ಲಿ ಅವರು ಒಂದು ಮಾತೂ ಬೈಯಲಿಲ್ಲ. ಎರಡು ಮೊಳ ಮಲ್ಲಿಗೆ ಕೊಡಿಸಿದರು. ಆ ಮಲ್ಲಿಗೆ ಅವಳ ಕೈಯಲ್ಲಿ ಕೆಂಡದ ಹಾಗೆ ಇತ್ತು. ಬೈದಿದ್ದರೆ ಜಗಳವಾಡಬಹುದಿತ್ತು. ಕರುಣೆಯಿಂದ ನಂಬದವರ ಜತೆ ಏನೆಂದು ಜಗಳವಾಡುವುದು?

ಚೀಟಿ ಹಿಡಿದು ಇಬ್ಬರೂ ಹೋದ ಶಾಕೀರನ ರಕ್ತ ತಪಾಸಣೆಯ ಅಂಗಡಿ ಪೇಟೆಯ ಮಸೀದಿಯ ಮಗ್ಗುಲ ಗಲ್ಲಿಯಲ್ಲಿತ್ತು. ಒಂದು ಕೋಣೆ, ಒಂದು ಸೂಕ್ಷ್ಮದರ್ಶಕ, ಐಸು ತುಂಬಿದ ಥರ್ಮಾಸು. ಹುಡುಗನಾಗಿದ್ದಾಗ ಮಾಸ್ತರರ ಶಾಲೆಯಲ್ಲೇ ಓದಿ, ಹೈದರಾಬಾದಿನ ದೊಡ್ಡ ದವಾಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಕಲಿತು ಬಂದವನು. ಈಗ ಅವನ ಗಡ್ಡಕ್ಕೂ ಬಿಳಿಪು ಹತ್ತಿತ್ತು. ಅವನು ರಬ್ಬರಿನ ನಳಿಗೆಯನ್ನು ಅವಳ ತೋಳಿಗೆ ಕಟ್ಟಿ, ಅಂಗೈಯಲ್ಲಿ ಸವೆದುಹೋದ ಒಂದು ರಬ್ಬರ್ ಚೆಂಡು ಇಟ್ಟು, ಎಲ್ಲರಿಗೂ ಹೇಳುವಂತೆ ಹಿಂಡಿ ಬಿಡಿ, ಹಿಂಡಿ ಬಿಡಿ ಎಂದ. ನರ ಮೇಲೆ ಬರಲಿ ಎಂದು ದಿನಕ್ಕೆ ಐವತ್ತು ಮಂದಿಗೆ ಹೇಳುವ ಮಾತು ಅದು.

ಸೂಜಿ ಕೈಯಲ್ಲಿ ಹಿಡಿದವನು ನಿಂತ. ಮೊದಲ ಸಲ ಹಿಂಡಿದಾಗ ಚೆಂಡು ತಗ್ಗಲಿಲ್ಲ. ಎರಡು, ಮೂರು. ಐದನೆಯದಕ್ಕೆ ಚೆಂಡಿನಲ್ಲಿ ಬೆರಳು ಮುಳುಗಿದವು. ಅವನು ರಕ್ತ ತೆಗೆದು, ಹತ್ತಿ ಒತ್ತಿ, ಸ್ವಲ್ಪ ಕುಂದ್ರಿ ಎಂದು ಹೇಳಿ ಬೇರೆಯವರ ಕೆಲಸ ನೋಡಿದ. ಕಾಲು ತಾಸು ಬಿಟ್ಟು ಬಂದು ಮತ್ತೆ ಚೆಂಡು ಕೊಟ್ಟ. ಮತ್ತೆ ಮೊದಲಿನಿಂದ ಹಾಗೆಯೇ. ಇನ್ನೊಂದು ಕೈಗೆ ಕೊಟ್ಟ. ಅದೇ.

"ಹುಡುಗಾಟ ಹಚ್ಚೀರೇನು ಶಾಕೀರಭಾಯಿ?" ಎಂದಳು ವಿಜಯಶ್ರೀ. ಇನ್ನೊಬ್ಬರು ತನ್ನನ್ನು ಪರೀಕ್ಷೆಗೆ ಹಚ್ಚಿ ನಗುವುದನ್ನು ತಡೆಯುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಇಲ್ರಿ ಅಕ್ಕೋರೆ." ಶಾಕೀರ ಚೀಟಿಯ ಜತೆ ಬಂದಿದ್ದ ಫೈಲು ತೆರೆದು ಓದಿದ. ಅವನ ಮುಖ ಗಂಟಾಯಿತು. ಏನು ಬರೆದಿದ್ದಾರೆಂದು ಅವಳು ಕೇಳಿದಳು. ಅವನು ಫೈಲು ಮುಚ್ಚಿದ. ಅವಳು ಎರಡನೆಯ ಸಲ ಕೇಳಿದಾಗ, ಮಾಸ್ತರರ ಮುಖ ನೋಡದೆ, ರೋಗವಿಲ್ಲದೆ ರೋಗದ ಸೋಗು ಹಾಕುವವರಿಗೆ ಇಂಗ್ಲಿಷಿನಲ್ಲಿರುವ ಮಾತು ಅದು ಎಂದು ಹೇಳಿದ. ಆಮೇಲೆ ಚೆಂಡನ್ನು ತನ್ನ ಕೈಯಲ್ಲಿ ಹಿಂಡುತ್ತ ಮೆಲ್ಲಗೆ ಅಂದ: "ಇಪ್ಪತ್ತು ವರ್ಷದಿಂದ ಊರ ಮಂದಿ ಮುಷ್ಟಿ ನೋಡ್ಲಿಕತ್ತೀನಿ. ಸೋಗು ಹಾಕೋರದೂ ನೋಡೀನಿ, ದಣಿದವರದೂ ನೋಡೀನಿ. ಅವರದು ಹಿಂಡಿದಂಗ ಸಡ್ಲ ಆಗ್ತದ. ನಿಮ್ಮದು ಹಿಂಡಿದಂಗ ಬಿಗಿ ಆಗ್ಲಿಕತ್ತದ. ಹಿಂಗ ಸೋಗು ಹಾಕಾಕ ಯಾರಿಗೂ ಬರಂಗಿಲ್ರಿ. ಇದು ರೋಗ. ಯಾವುದಂತ ನನಗ ಗೊತ್ತಿಲ್ಲ, ಗೊತ್ತಿದ್ದವರು ಹೈದರಾಬಾದಿನಾಗ ಅದಾರ."

ನಾಲ್ಕು ತಿಂಗಳಲ್ಲಿ ಮೊದಲ ಸಲ ವಿಜಯಶ್ರೀಯ ಕಣ್ಣಲ್ಲಿ ನೀರು ಬಂತು. ರೋಗವಿದೆ ಎಂಬ ಮಾತಿಗೆ ಹೆಂಗಸೊಬ್ಬಳು ಹೀಗೆ ಹಗುರಾದದ್ದನ್ನು ಆ ಗಲ್ಲಿ ಹಿಂದೆ ಕಂಡಿರಲಿಕ್ಕಿಲ್ಲ.

ಶಾಕೀರನ ಪತ್ರ ಹಿಡಿದುಕೊಂಡು ಮುಂದಿನ ವಾರ ಬೆಳಗಿನ ಪ್ಯಾಸೆಂಜರಿಗೆ ಹೊರಟರು. ಎರಡು ದಿನದ ಊಟ ಬುತ್ತಿ ಕಟ್ಟಿದ್ದಳು. ಪರಸ್ಥಳದ ನೀರು ಕುಡಿಯಬೇಡಿ ಎಂದಷ್ಟೇ ಭಾಮಾಬಾಯಿ ಹೇಳಿ ಕಳಿಸಿದ್ದರು. ಹೈದರಾಬಾದಿನ ಡಾಕ್ಟರಮ್ಮ ಐವತ್ತರ ಸುಮಾರಿನ ತೆಲುಗು ಹೆಂಗಸು, ಕನ್ನಡ ತುಣುಕು ತುಣುಕು ಬರುತ್ತಿತ್ತು. ಆಕೆ ಮೊದಲು ಕೇಳಿದ್ದು ಕೈಕಾಲಿನ ಮಾತನ್ನಲ್ಲ. ಬಾಯಿ ಒಣಗುತ್ತದೆಯೇ ಎಂದು ಕೇಳಿದರು. ವಿಜಯಶ್ರೀ ಬೆರಗಾದಳು. ಒಣಗುತ್ತಿತ್ತು. ನಾಲಿಗೆ ಅಂಗುಳಿಗೆ ಕಟ್ಟಿಗೆಯಂತೆ ಅಂಟಿಕೊಳ್ಳುತ್ತಿತ್ತು. ಹನಿ ನೀರೂ ಮುಟ್ಟದ ಏಕಾದಶಿಯ ದಿನಗಳಲ್ಲಿ ಮಾತು ಹೊರಡದೆ, ಜಪ ಮಾಡುವವಳಂತೆ ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಇದನ್ನೂ ಹೇಳಿದರೆ ಉಪವಾಸಕ್ಕೂ ಢೋಂಗ ಎನ್ನುವರೆಂದು.

ಡಾಕ್ಟರಮ್ಮ ಅವಳನ್ನು ಎತ್ತರದ ಮೇಜಿನ ಮೇಲೆ ಕೂಡಿಸಿ, ಕಾಲು ಇಳಿಬಿಡಿಸಿ, ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೊಣಕಾಲಿನ ಕೆಳಗೆ ತಟ್ಟಿದರು. ಕಾಲು ಮಿಸುಕಲಿಲ್ಲ. ತಟ್ಟಿದರು, ತಟ್ಟಿದರು, ತೂಗುಬಿಟ್ಟ ಚೀಲದ ಹಾಗೆ ಇತ್ತು. ಆಮೇಲೆ ತಮ್ಮ ಅಂಗೈ ಅಡ್ಡ ಹಿಡಿದು, ಹತ್ತು ಎಣಿಸುವವರೆಗೆ ಕಾಲಿನಿಂದ ಅದನ್ನು ಜೋರಾಗಿ ಒತ್ತಲು ಹೇಳಿದರು. ಹತ್ತು ಎಣಿಸಿದ ಕೂಡಲೇ ಮತ್ತೆ ತಟ್ಟಿದರು. ಕಾಲು ಚಂಗನೆ ಜಿಗಿಯಿತು.

ಡಾಕ್ಟರಮ್ಮ ಮಾಸ್ತರರನ್ನು ಹತ್ತಿರ ಕರೆದು, ಮತ್ತೊಮ್ಮೆ ಅದನ್ನೇ ಮಾಡಿ ತೋರಿಸಿದರು. "ನಾಟಕ ಮನುಷ್ಯರಿಗೆ ಬರುತ್ತೆ ಸಾರ್, ಮೊಣಕಾಲಿಗೆ ಬರೋದಿಲ್ಲ," ಎಂದರು.

ನರಗಳಿಗೆ ಕರೆಂಟು ಹಾಯಿಸಿ ನೋಡಿದ ಪರೀಕ್ಷೆಯೂ ಅದನ್ನೇ ಹೇಳಿತು. ಎದೆಯ ಎಕ್ಸ್‌ರೇ ಮಾತ್ರ ಸ್ವಚ್ಛವಿತ್ತು. ಇನ್ನೊಂದು ಪರೀಕ್ಷೆ ಬಾಕಿಯಿದೆ, ಅದು ಈ ದೇಶದಲ್ಲಿ ಆಗದು, ರಕ್ತವನ್ನು ಮಂಜುಗಡ್ಡೆಯಲ್ಲಿಟ್ಟು ಪರದೇಶಕ್ಕೆ ಕಳಿಸಬೇಕು, ಫಲ ಬರಲು ತಿಂಗಳಾದರೂ ಹಿಡಿಯುತ್ತದೆ ಎಂದರು. ಏನು ನೋಡುತ್ತಾರೆಂದು ಬಿಡಿಸಿ ಹೇಳಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಬೀಡಿ ಸಿಗರೇಟು ಸೇದುತ್ತಾರೆಯೇ ಎಂದು ಮಾತ್ರ ಎರಡು ಸಲ ಕೇಳಿದರು. ಇಲ್ಲವೆಂದಳು. ಹೊಗೆ? ಎಂದರು. ಹೊಗೆಯೆಂದ ಕೂಡಲೇ ಅವಳಿಗೆ ಒಲೆ ನೆನಪಾಯಿತು. ಡಾಕ್ಟರಮ್ಮ ಅದನ್ನೂ ಬರೆದುಕೊಂಡರು.

ವಾಪಸು ಬರುವಾಗ ರೈಲಿನಲ್ಲಿ ಮಾಸ್ತರರು ಅವಳಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟು ದೂರ ನೋಡುತ್ತ ಕೂತಿದ್ದರು. ತಾಂಡೂರು ದಾಟಿದ ಮೇಲೆ ವಿಜಯಶ್ರೀ ಕೇಳಿದಳು: "ಕಾಲು ಜಿಗಿದದ್ದು ನೀವು ಕಣ್ಣಾರೆ ನೋಡಿದ್ರಿ. ಮನ್ಯಾಗ ಹೇಳ್ತೀರಲ್ಲ?"

ಮಾಸ್ತರರು ಧೋತರದ ಅಂಚು ಸರಿಮಾಡಿಕೊಂಡರು. ಅವ್ವನಿಗೆ ವಯಸ್ಸಾಗಿದೆ, ಈಗಲೇ ಯಾಕೆ, ರಿಪೋರ್ಟು ಬರಲಿ ಅಂದರು.

"ಇಪ್ಪತ್ತಾರು ವರ್ಷ ಒಂದ ಮನ್ಯಾಗ ಬಾಳ್ವಿ ಮಾಡೀನಿ," ಎಂದಳು ಅವಳು. ದನಿ ಏರಿಸಲಿಲ್ಲ. ಎದುರು ಕೂತಿದ್ದ ತೊಗರಿ ವ್ಯಾಪಾರಿಗೂ ಕೇಳಿಸಲಿಲ್ಲ. "ನಾ ಆಡಿದ ಮಾತು ಖರೆ ಅಂತ ಪರದೇಶದ ಕಾಗದ ಬಂದು ಹೇಳಬೇಕೇನು?"

ಸೇಡಂ ಬಂದಾಗ ಮಾಸ್ತರರು ಚೀಲ ಎತ್ತಿಕೊಂಡು ಮುಂದೆ ಇಳಿದರು.

ಕಾಗದ ಬರಲು ಐದು ವಾರ ಹಿಡಿಯಿತು. ಆ ಐದು ವಾರ ಮನೆ ಹೇಗೆ ನಡೆಯಬೇಕೋ ಹಾಗೆಯೇ ನಡೆಯಿತು. ಮೊದಲ ಕೊಡಕ್ಕೆ ನಗು, ಮೂರನೆಯ ಕೊಡಕ್ಕೆ ನಗು. ಮಾಳಮ್ಮ ಒಬ್ಬಳೇ ಹಿತ್ತಲಿನಲ್ಲಿ ಹುಣಸೆಹಣ್ಣು ಹಚ್ಚಿ ಪಾತ್ರೆ ತಿಕ್ಕುತ್ತ ತನ್ನಷ್ಟಕ್ಕೆ ಗೊಣಗುತ್ತಿದ್ದಳು: "ನಮ್ಮ ಎಮ್ಮಿ ಏಳಲಿಲ್ಲಂದ್ರ ಡಾಕ್ಟರನ್ನ ಕರಸ್ತೀವಿ. ಎಮ್ಮಿಗಿ ಢೋಂಗ ಅಂಬಂಗಿಲ್ಲ ಯಾರೂ." ಅದು ಭಾಮಾಬಾಯಿಯ ಕಿವಿಗೆ ಬೀಳಲೆಂದೇ ಆಡಿದ ಮಾತು. ಬಿದ್ದಿರಲೂಬಹುದು.

ಆಷಾಢದ ಒಂದು ಬೆಳಿಗ್ಗೆ ಪೇಟೆಯ ಟೆಲಿಫೋನ್ ಬೂತಿಗೆ ಬಂದ ಫ್ಯಾಕ್ಸು ಹಿಡಿದುಕೊಂಡು ಶಾಕೀರ ಮನೆಗೆ ಬಂದ. ಒಳಗೆ ಕರೆದರೂ ಬರಲಿಲ್ಲ, ಪಡಸಾಲೆಯ ಕಂಬದ ಬಳಿ ಕೂತ. ಡಾಕ್ಟರಮ್ಮನ ಜತೆ ಆಗಲೇ ಫೋನಿನಲ್ಲಿ ಮಾತಾಡಿದ್ದ. ಇರಬೇಕಾದ ಅಂಕಿ ಇಷ್ಟು, ಇರುವುದು ಅದರ ಎಷ್ಟೋ ಪಟ್ಟು ಎಂದು ಬೆರಳಿಟ್ಟು ತೋರಿಸಿದ. ಮಾಸ್ತರರಿಗೆ ತಿಳಿಯಲಿಲ್ಲ. ಭಾಮಾಬಾಯಿ ಮಡಿಯಲ್ಲಿದ್ದುದರಿಂದ ಅಡಿಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಅವರ ಸೀರೆಯ ಅಂಚು ಕಾಣುತ್ತಿತ್ತು.

"ಹಿಂಗ ತಿಳೀರಿ ಸರ್," ಎಂದು ಶಾಕೀರ ಬಿಡಿಸಿ ಹೇಳಿದ. "ಮೈಯಾಗ ಪೊಲೀಸರು ಇರ್ತಾರ. ಕಳ್ಳ ಹೊಕ್ಕಾನಂತ ಅವರಿಗಿ ಸುಳಿವು ಹತ್ಯಾದ. ಆ ಕಳ್ಳನ ಮಾರಿ, ಮನಿಯೊಳಗ ದುಡಿಯೋರ ಮಾರಿ ಒಂದೇ ನಮೂನಿ ಅದ. ಪೊಲೀಸರು ಕಳ್ಳನ್ನ ಬಿಟ್ಟು ದುಡಿಯೋರನ್ನ ಹಿಡದು ಬಡ್ಯಾಕತ್ತಾರ. ಅದಕ್ಕ ಕೈಕಾಲಿಗಿ ಬಲ ಮುಟ್ಟವಲ್ದು. ಮೊದಲನೇ ಸಲ ಬಾಗಿಲ ತಟ್ಟಿದ್ರ ತೆರಿಯಂಗಿಲ್ಲ, ತಟ್ಟಿ ತಟ್ಟಿ ಆದಮ್ಯಾಲ ಒಂದಿಷ್ಟು ತೆರೀತದ. ರಕ್ತದಾಗ ಆ ಪೊಲೀಸರು ಸಿಕ್ಕಾರ. ಅಂದ್ರ ಕಳ್ಳನೂ ಎಲ್ಲ್ಯೋ ಇರಬೇಕು. ಭಾಳ ಮಾಡಿ ಎದಿಯೊಳಗ ಅಡಗಿರ್ತಾನಂತ. ಎಕ್ಸ್‌ರೇಕ್ಕ ಕಾಣದಷ್ಟು ಸಣ್ಣವ. ಹುಡುಕಬೇಕು, ಜಲ್ದಿ."

ಕಳ್ಳನಿಗೆ ಏನು ಹೆಸರೆಂದು ಮಾಸ್ತರರು ಕೇಳಲಿಲ್ಲ. ಶಾಕೀರ ಹೇಳಲಿಲ್ಲ. ಎಲ್ಲರಿಗೂ ತಿಳಿಯಿತು.

ವಿಜಯಶ್ರೀ ಆ ಹಾಳೆಯನ್ನು ಕೈಗೆ ತೆಗೆದುಕೊಂಡಳು. ಮಸಿ ಹರಡಿದ ಅಕ್ಷರಗಳು, ಅಂಕಿಗಳು. "ಇದರಾಗ ನಾ ಢೋಂಗಿ ಅಲ್ಲಂತ ಬರದದೇನು ಶಾಕೀರಭಾಯಿ?"

"ಅದನ್ನೇ ಬರದಾರ್ರಿ ಅಕ್ಕೋರೆ. ಅವರ ಭಾಷಾದಾಗ ಬರದಾರ."

ಅಡಿಗೆಮನೆಯಲ್ಲಿ ಹಾಲು ಉಕ್ಕಿ ಒಲೆಗೆ ಬಿದ್ದ ಸಪ್ಪಳ ಕೇಳಿತು. ಸೀರೆಯ ಅಂಚು ಬಾಗಿಲಿನಿಂದ ಸರಿಯಲಿಲ್ಲ.

ಹೈದರಾಬಾದಿನಲ್ಲಿ ಎದೆಯನ್ನು ಪದರು ಪದರಾಗಿ ತೆಗೆಯುವ ಸ್ಕ್ಯಾನು ಮಾಡಿದರು. ಬಲಗಡೆಯ ಶ್ವಾಸನಾಳದ ಬುಡದಲ್ಲಿ ಹುಣಸೆಬೀಜದಷ್ಟು ಒಂದು ನೆರಳು ಸಿಕ್ಕಿತು. ಚೂರು ತೆಗೆದು ನೋಡಿ ಖಾತ್ರಿ ಮಾಡಿದರು. ಬೇಗ ಸಿಕ್ಕಿದೆ, ಸಿಕ್ಕದ್ದು ಪುಣ್ಯ ಎಂದರು ಡಾಕ್ಟರಮ್ಮ. ಗಡ್ಡೆ ಕರಗಿದರೆ ಕೈಕಾಲಿನ ಬಲವೂ ತಿರುಗಿ ಬರಬಹುದು, ಎಷ್ಟು ಎಂದು ಈಗಲೇ ಹೇಳಲಾಗದು. ಒಲೆಯ ಹೊಗೆಯೇ ಕಾರಣವೇ ಎಂದು ಅವಳು ಕೇಳಿದಾಗ, ಹೌದೆಂದೂ ಅಲ್ಲವೆಂದೂ ಪ್ರಮಾಣ ಮಾಡಲಾರೆ ಎಂದು ನಿಜ ಹೇಳಿದರು. ಆ ನಿಜಕ್ಕೆ ವಿಜಯಶ್ರೀ ಮನಸ್ಸಿನಲ್ಲೇ ಕೈಮುಗಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರೂ ಇರುತ್ತಾರೆ ಎಂಬುದು ಅವಳಿಗೆ ಹೊಸದು.

ಮೊದಲ ಇಂಜೆಕ್ಷನ್ನಿಗೆ ಹೊರಟ ದಿನ, ಟೇಷನ್ನಿಗೆ ಹೋಗುವ ಟಾಂಗಾವನ್ನು ಅವಳು ಬಸ್‌ಸ್ಟ್ಯಾಂಡಿನ ಹಿಂದೆ ನಿಲ್ಲಿಸಿದಳು. ಮಾಸ್ತರರು ಬೇಡವೆಂದರು, ರೈಲಿಗೆ ಹೊತ್ತಾಗುತ್ತದೆ ಎಂದರು. ಅವಳು ಟಾಂಗಾದ ಕಂಬಿ ಹಿಡಿದು ಇಳಿದಳು. ಮೆಟ್ಟಿಲ ಮುಂದೆ ನಿಂತು ಕಾಲನ್ನು ನಾಲ್ಕು ಸಲ ಮಡಿಚಿ ಚಾಚಿ, ಹತ್ತಿದಳು. ಬೆಂಚಿನವರು ನೋಡುತ್ತಿದ್ದರು. ಡಾಕ್ಟರ ಮೇಜಿನ ಮೇಲೆ ತನ್ನ ಫೈಲು ತೆರೆದಿಟ್ಟು, ಪಕ್ಕಕ್ಕೆ ಪರದೇಶದ ಹಾಳೆ ಇಟ್ಟಳು. ಅವರು ಓದಿದರು. ಎರಡು ಸಲ ಓದಿದರು. ಬಹಳ ಅಪರೂಪದ್ದು ಇದು ಎಂದರು. ಲಕ್ಷದಲ್ಲಿ ಒಬ್ಬರಿಗೆ ಬಂದರೆ ಬಂತು, ಪುಸ್ತಕದಲ್ಲಿ ಓದಿದ್ದು ಅಷ್ಟೇ, ಸೇಡಮ್ಮಿನಲ್ಲಿ ಕೂತು ಯಾರಿಗೆ ತಾನೇ ತಿಳಿದೀತು ಎಂದರು.

"ತಿಳೀಲಿಲ್ಲ ಅಂತ ನಾ ಬೈಯಂಗಿಲ್ರಿ," ಎಂದಳು ವಿಜಯಶ್ರೀ. "ತಿಳೀಲಿಲ್ಲ ಅಂದ್ರ ತಿಳೀಲಿಲ್ಲ ಅಂತ ಬರೀಬೇಕಾಗಿತ್ತು. ನಾ ಸುಳ್ಳು ಹೇಳ್ತೀನಂತ ಯಾಕ ಬರದ್ರಿ? ಅದು ತಿಳದಿತ್ತೇನು ನಿಮಗ?"

ಡಾಕ್ಟರು ಪರದೇಶದ ಹಾಳೆಯನ್ನು ಅವಳ ಕಡೆ ಸರಿಸಿದರು. ಆ ಮಾತನ್ನು ನಿಮ್ಮ ಕೈಯಿಂದಲೇ ಹೊಡೆದು ಹಾಕಿ ಎಂದು ಅವಳು ಕೇಳಿದಳು. ಅವರು ಪೆನ್ನಿನ ಟೊಪ್ಪಿಗೆ ತೆಗೆದರು. ಆಮೇಲೆ, ಹಳೆಯ ಕಾಗದ ತಿದ್ದುವುದು ಕಾಯಿದೆಗೆ ಬರುವುದಿಲ್ಲ, ನಿಮ್ಮ ಆರೋಗ್ಯ ನೋಡಿಕೊಳ್ಳಿ ಎಂದು ಟೊಪ್ಪಿಗೆ ಮುಚ್ಚಿದರು. ಹೊರಗಿನ ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಒಬ್ಬ ಹೆಂಗಸು ಒಳಗೆ ಬರಲೋ ಬೇಡವೋ ಎಂದು ಬಾಗಿಲಲ್ಲಿ ನಿಂತಿದ್ದಳು. ವಿಜಯಶ್ರೀ ಅವಳಿಗೆ ದಾರಿ ಬಿಟ್ಟು ಇಳಿದಳು. ಟಾಂಗಾದಲ್ಲಿ ಮಾಸ್ತರರು ಕೈ ಚಾಚಿದ್ದರು. ಅವಳು ಆ ಕೈ ಹಿಡಿಯದೆ ಕಂಬಿ ಹಿಡಿದಳು.

ಮೂರು ವಾರಕ್ಕೊಮ್ಮೆ ಹೈದರಾಬಾದು. ವಾಂತಿ, ಬಾಯಿಹುಣ್ಣು, ದಿಂಬಿನ ತುಂಬ ಕೂದಲು. ಓಣಿಯ ಮಾತು ಈಗ ಬೇರೆ ದಿಕ್ಕು ಹಿಡಿದಿತ್ತು: ಹೆಂಗಸಿಗೆ ಎದೆಯಲ್ಲಿ ಅಂಥ ರೋಗ ಅಂದರೆ ಏನಾದರೂ ಸೇದುತ್ತಿದ್ದಳೋ ಏನೋ. ಢೋಂಗ ಎಂದ ಬಾಯಿಗಳೇ ಅಯ್ಯೋ ಪಾಪ ಎಂದು ಬಂದು ಬಾಗಿಲಲ್ಲಿ ನಿಂತು ಹೋದವು. ತಪ್ಪಾಯಿತು ಎಂದು ಒಬ್ಬರೂ ಅನ್ನಲಿಲ್ಲ. ಭಾಮಾಬಾಯಿ ಈಗ ಅಡಿಗೆ ತಾವೇ ಮಾಡುತ್ತಿದ್ದರು. ಒಲೆ ಊದುವಾಗ ಅವರು ಕೆಮ್ಮುವುದು ಪಡಸಾಲೆಗೆ ಕೇಳುತ್ತಿತ್ತು. ಸೊಸೆಯ ಊಟವನ್ನು ದೂರದಿಂದ ಸರಿಸಿಟ್ಟು, ಅವಳು ಉಣ್ಣುವವರೆಗೆ ಬಾಗಿಲ ಮರೆಯಲ್ಲಿ ನಿಂತು ಹೋಗುತ್ತಿದ್ದರು. ಗಡ್ಡೆ ಕುಗ್ಗುತ್ತಿದೆ ಎಂದು ಡಾಕ್ಟರಮ್ಮ ಹೇಳಿದ ಮೇಲೆ, ಕುರ್ಚಿಯಿಂದ ಒಂದೇ ಕೈ ಊರಿ ಏಳುವಷ್ಟು ಬಲ ವಿಜಯಶ್ರೀಯ ಕಾಲಿಗೆ ಬಂದಿತ್ತು. ಸಿಟ್ಟು ಕುಗ್ಗಿರಲಿಲ್ಲ. ಅದು ಬೂದಿಯೊಳಗಿನ ಕೆಂಡದ ಹಾಗೆ ತನ್ನ ಪಾಡಿಗೆ ಇತ್ತು.

ಕಾರ್ತಿಕದ ಏಕಾದಶಿ ಬಂತು. ಸಂಜೆ ಮಂಡಳಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಸೇರಿದರು. ಆ ದಿನ ಕೊಡ ನೋಡಿ ನಕ್ಕಿದ್ದವರೆಲ್ಲ ಇದ್ದರು. ವಿಜಯಶ್ರೀ ಬೋಳುತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದು ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಿದ್ದಳು. ಉಪವಾಸ ಕೂಡದು, ಈ ರೋಗಕ್ಕೆ ಬಾಯಿ ಒಣಗುತ್ತದೆ, ಗಂಟೆಗೊಮ್ಮೆ ನೀರು ಕುಡಿಯಲೇಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಮಾಸ್ತರರು ಅದನ್ನು ಮನೆಯಲ್ಲಿ ಓದಿ ಹೇಳಿದ್ದರು. ಆದರೆ ನೀರಿಟ್ಟಿದ್ದ ಜಾಗ ಪಡಸಾಲೆಯ ಆಚೆ ತುದಿಗೆ. ಇಷ್ಟು ಮಂದಿಯ ನಡುವೆ ಎದ್ದು ಹೋಗಿ ಕುಡಿದರೆ ಕಣ್ಣುಗಳೆಲ್ಲ ಬೆನ್ನ ಹಿಂದೆ ಬರುತ್ತವೆ. ಕದ್ದು ಕುಡಿಯುವುದು ಅವಳಿಗೆ ಬೇಡವಾಗಿತ್ತು. ಈ ಮನೆಯಲ್ಲಿ ಯಾರನ್ನಾದರೂ ಏನನ್ನಾದರೂ ಕೇಳುವುದೂ ಬೇಡವಾಗಿತ್ತು. ಹಾಡು ನಡೆದಿತ್ತು. ನಾಲಿಗೆ ಅಂಗುಳಿಗೆ ಅಂಟಿತು. ಅವಳು ತುಟಿ ಆಡಿಸುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿದಳು.

ತಾಳದ ದನಿಯೊಂದು ಕಡಿಮೆಯಾಯಿತು. ಕಣ್ಣು ತೆರೆದಾಗ ಭಾಮಾಬಾಯಿಯ ಜಾಗ ಖಾಲಿಯಿತ್ತು. ತಾಳ ಚಾಪೆಯ ಮೇಲಿತ್ತು. ಒಳಗಿನಿಂದ ಅವರು ಹಿತ್ತಾಳೆಯ ಲೋಟ ಹಿಡಿದು ಬಂದರು. ನಿನ್ನೆ ಮಧ್ಯಾಹ್ನದಿಂದ ಹನಿ ನೀರು ಮುಟ್ಟದ ಮುದುಕಿ, ತುಂಬಿದ ಲೋಟ ತುಳುಕದ ಹಾಗೆ ಹೆಜ್ಜೆ ಇಡುತ್ತ, ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದರು. ಹಾಡು ತೊದಲಿತು.

"ಭಾಮಕ್ಕ, ಇವತ್ತ ಏಕಾದಶಿ," ಎಂದು ಯಾರೋ ಮೆಲ್ಲಗೆ ನೆನಪು ಮಾಡಿದರು.

"ಗೊತ್ತದ," ಎಂದರು ಭಾಮಾಬಾಯಿ. ಆಮೇಲೆ ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಅಂದರು: "ಆಕಿಗಿ ಖರೇನೇ ಬಾಯಿ ಒಣಗ್ತದ. ಮೊದಲಿಂದನೂ ಆಕಿ ಖರೇನೇ ಹೇಳ್ಯಾಳ. ನಂದ ತಪ್ಪಾಗಿತ್ತು."

ಲೋಟ ಮುಂದೆ ಬಂತು. ವಿಜಯಶ್ರೀ ಅತ್ತೆಯ ಮುಖ ನೋಡಲಿಲ್ಲ. ಕೈ ಚಾಚಿದಳು. ಬೆರಳುಗಳು ಹಿತ್ತಾಳೆಯ ಸುತ್ತ ಸೇರಿ ಸಡಿಲಾದವು, ಮತ್ತೆ ಸೇರಿದವು, ಮತ್ತೆ ಸಡಿಲಾದವು. ಮಡಿಯಲ್ಲಿದ್ದ ಭಾಮಾಬಾಯಿ ತಮ್ಮ ಎರಡೂ ಕೈಗಳನ್ನು ಆ ಬೆರಳುಗಳ ಕೆಳಗೆ ಕೊಟ್ಟು, ಅವುಗಳಿಗೆ ಬಲ ಬರುವವರೆಗೆ ಹಾಗೆಯೇ ಹಿಡಿದುಕೊಂಡು ನಿಂತರು.